ಡೇರೆಯ ರಾಕ್ಷಸರು: ಹಾಸನ ಸೀಮೆಯ ಒಂದು ಸಿನಿಮಾ ಚರಿತ್ರೆ

2020ರ ಅಕ್ಟೋಬರಿನಲ್ಲಿ, ಜಗತ್ತಿನ ಬಹುಪಾಲು ಜನ ಕೊರೊನಾಕ್ಕೆ ಹೆದರಿ ಮನೆಯೊಳಗೆ ಕೂತಿದ್ದಾಗ, ಹಾಗೆಯೇ ಹೆದರಿ ಒಳಗೆ ಕೂತವನೊಬ್ಬ ಹೊರಗೆ ಹೊರಡುವ ಕಥೆಯ ಹಾಲಿವುಡ್ ಸಿನಿಮಾ ಒಂದು ಬಂತು. ಹೆಸರು ‘ಲವ್ ಅಂಡ್ ಮಾನ್‌ಸ್ಟರ್ಸ್’, ನಿರ್ದೇಶಕ ಮೈಕೆಲ್ ಮ್ಯಾಥ್ಯೂಸ್. ಭೂಮಿಗೆ ಬಂದು ಬಡಿಯಲಿದ್ದ ಕ್ಷುದ್ರಗ್ರಹವನ್ನು ಮನುಷ್ಯರು ರಾಕೆಟ್ ಹಾರಿಸಿ ಒಡೆಯುತ್ತಾರೆ. ಆ ರಾಕೆಟ್ಟುಗಳ ರಾಸಾಯನಿಕ ಮತ್ತೆ ನೆಲಕ್ಕೇ ಬಿದ್ದು ಕಪ್ಪೆ, ಜರಿ, ಏಡಿ, ಬಸವನಹುಳುಗಳೆಲ್ಲ ಮನೆಯಷ್ಟು ದೊಡ್ಡದಾಗಿ ಬೆಳೆಯುತ್ತವೆ. ಮನುಷ್ಯರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಸತ್ತುಹೋಗಿ, ಉಳಿದವರು ನೆಲಮಾಳಿಗೆಗಳಲ್ಲಿ ಅಡಗಿದ್ದಾರೆ. ಏಳು ವರ್ಷ ಹಾಗೆ ಅಡಗಿದ್ದ ಜೋಯೆಲ್ ಎಂಬ ಪುಕ್ಕಲು ಹುಡುಗ, ಎಂಬತ್ತೈದು ಮೈಲಿ ಆಚೆ ಇರುವ ತನ್ನ ಹಳೆಯ ಪ್ರೇಯಸಿಯನ್ನು ನೋಡಲು ಒಂದು ಬಿಲ್ಲು ಹಿಡಿದು ಹೊರಡುತ್ತಾನೆ. ದಾರಿಯಲ್ಲಿ ಅವನ ಜೊತೆಯಾಗುವುದು ಸತ್ತ ಒಡತಿಯ ಕೆಂಪು ಉಡುಪನ್ನು ಬಿಡದೆ ಕಾಯುವ ಒಂದು ನಾಯಿ.

ಲೋಕ ಮುಗಿದ ಮೇಲಿನ ಕಥೆಗಳು ಸಾಮಾನ್ಯವಾಗಿ ಗಂಭೀರ, ಬೂದಿಬಣ್ಣದವು. ಇದು ಹಾಗಿಲ್ಲ, ನಗಿಸುತ್ತ, ಬೆಚ್ಚಿಬೀಳಿಸುತ್ತ, ಮತ್ತೆ ನಗಿಸುತ್ತ ಸಾಗುತ್ತದೆ. ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿದ್ದು ಈ ಹಗುರತನವನ್ನೇ. ಹಾಲಿವುಡ್ಡಿನ ಲೆಕ್ಕದಲ್ಲಿ ಸಣ್ಣದೆನ್ನಬಹುದಾದ ಮೂರು ಕೋಟಿ ಡಾಲರಿನ ಆಸುಪಾಸಿನ ಬಂಡವಾಳದ ಈ ಚಿತ್ರ 2021ರ ಆಸ್ಕರ್‌ನಲ್ಲಿ ದೃಶ್ಯ ಪರಿಣಾಮಗಳ ವಿಭಾಗಕ್ಕೆ ನಾಮನಿರ್ದೇಶನವನ್ನೂ ಪಡೆಯಿತು. ಪ್ರಶಸ್ತಿ ‘ಟೆನೆಟ್’ಗೆ ಹೋಯಿತು, ಆ ಮಾತು ಬೇರೆ.

ಈ ಚಿತ್ರದ ಚೌಕಟ್ಟು ನಮಗೆ ಹೊಸತಲ್ಲ. ಹಾಳುಬಿದ್ದ ರಾಜ್ಯ, ದೂರದಲ್ಲಿರುವ ಹೆಣ್ಣು, ದಾರಿಯುದ್ದಕ್ಕೂ ವಿಚಿತ್ರ ಪ್ರಾಣಿಗಳು, ಜೊತೆಗೊಂದು ನಂಬಿಕಸ್ಥ ಜೀವ, ಹೆದರಿಕೆಯ ಮಗ್ಗುಲಲ್ಲೇ ಹಾಸ್ಯ. ದಕ್ಷಿಣ ಭಾರತದ ಪ್ರೇಕ್ಷಕರು ಇದನ್ನು ‘ಜಾನಪದ ಚಿತ್ರ’ ಎಂದು ಕರೆದು ಎರಡು ಮೂರು ತಲೆಮಾರು ನೋಡಿದ್ದಾರೆ. ಆ ಪ್ರಕಾರದ ಅತ್ಯಂತ ದೊಡ್ಡ ಹೆಸರು ಬಿ. ವಿಠಲಾಚಾರ್ಯ. ತೆಲುಗರು ಅವರನ್ನು ‘ಜಾನಪದ ಬ್ರಹ್ಮ’ ಎಂದರು. ಆ ಬ್ರಹ್ಮ ಸಿನಿಮಾ ಎಂದರೇನೆಂದು ಕಲಿತದ್ದು ಮದರಾಸಿನಲ್ಲೂ ಅಲ್ಲ, ಹೈದರಾಬಾದಿನಲ್ಲೂ ಅಲ್ಲ. ಹಾಸನ ಜಿಲ್ಲೆಯ ಟೂರಿಂಗ್ ಟಾಕೀಸಿನ ಡೇರೆಗಳಲ್ಲಿ. ಅಲ್ಲಿ ಹುಟ್ಟಿದ ಹಗುರ ರಾಕ್ಷಸರಿಗೆ ವಿಮರ್ಶೆಯಿಂದ ಸಿಕ್ಕ ಸ್ವಾಗತ ಮಾತ್ರ ಜೋಯೆಲ್‌ನ ಏಡಿ, ಜರಿಗಳಿಗೆ ಸಿಕ್ಕದ್ದಕ್ಕೆ ಪೂರ್ತಿ ವಿರುದ್ಧವಾದದ್ದು. ಒಂದೇ ಗುಣ ಒಂದು ಕಡೆ ಹೆಚ್ಚುಗಾರಿಕೆಯೂ ಇನ್ನೊಂದು ಕಡೆ ಕೊರತೆಯೂ ಆದದ್ದು ಹೇಗೆ ಎಂಬುದು ಈ ಬರಹದ ಪ್ರಶ್ನೆ.

ವಿಠಲಾಚಾರ್ಯರು 1920ರಲ್ಲಿ ಉಡುಪಿ ಬಳಿಯ ಉದ್ಯಾವರದಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಬಯಲಾಟ, ಯಕ್ಷಗಾನಗಳ ಹುಚ್ಚು. ಓದು ಮೂರನೆಯ ತರಗತಿಗೆ ನಿಂತಿತು. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಘಟ್ಟ ಹತ್ತಿ ಅರಸೀಕೆರೆಗೆ ಬಂದರು. ಕರಾವಳಿಯ ಹುಡುಗರು ಘಟ್ಟದ ಮೇಲಿನ ಊರುಗಳಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಗೆ ತಾವೇ ಹೋಟೆಲಿಟ್ಟ ಕಥೆಗಳು ನಮ್ಮಲ್ಲಿ ಸಾವಿರ ಇವೆ. ಇವರದೂ ಆ ಸಾಲಿನದೇ. ಸಿಕ್ಕ ಕೆಲಸ ಮಾಡುತ್ತ ಬೆಳೆದು, ಸಂಬಂಧಿಕರೊಬ್ಬರಿಂದ ಉಡುಪಿ ಹೋಟೆಲೊಂದನ್ನು ಕೊಂಡು ನಡೆಸಿದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದರು. ಬಿಡುಗಡೆಯಾಗಿ ಬಂದ ಮೇಲೆ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಗೆಳೆಯ ಡಿ. ಶಂಕರಸಿಂಗ್ ಮೊದಲಾದವರೊಂದಿಗೆ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸು ಶುರುಮಾಡಿದರು. ಒಂದು ಡೇರೆ ಬೆಳೆಯುತ್ತ ನಾಲ್ಕಾಯಿತು.

ಅರಸೀಕೆರೆ ಈ ವ್ಯವಹಾರಕ್ಕೆ ಒದಗಿ ಬಂದ ಊರು. ಬೆಂಗಳೂರಿನಿಂದ ಉತ್ತರಕ್ಕೆ ಹೋಗುವ ರೈಲುದಾರಿಯೂ, ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರಗಳ ಮೇಲೆ ಮೈಸೂರಿಗಿಳಿಯುವ ದಾರಿಯೂ ಕೂಡುವ ಜಂಕ್ಷನ್ನು ಅದು. ಆ ಕಾಲದಲ್ಲಿ ಸಿನಿಮಾ ಎಂದರೆ ತಗಡಿನ ಡಬ್ಬಿಗಳಲ್ಲಿ ತುಂಬಿದ ರೀಲುಗಳು; ಅವು ಓಡಾಡುತ್ತಿದ್ದದ್ದು ರೈಲಿನ ಪಾರ್ಸೆಲ್ಲಿನಲ್ಲಿ ಇಲ್ಲವೇ ಬಸ್ಸಿನ ಟಾಪಿನ ಮೇಲೆ. ಹೊಳೆನರಸೀಪುರಕ್ಕೆ ರೈಲಿತ್ತು. ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ರಸ್ತೆಯೇ ಗತಿ. ಚನ್ನರಾಯಪಟ್ಟಣದ ಮೇಲೆ ಹಾದು ಹಾಸನ, ಬೆಂಗಳೂರನ್ನು ನೇರ ಕೂಡಿಸುವ ರೈಲು ಓಡಿದ್ದು 2017ರಲ್ಲಷ್ಟೆ. ಹಾಗಾಗಿ ಈ ಸೀಮೆಯಲ್ಲಿ ಜಂಕ್ಷನ್ ಊರಿನವರ ಕೈಯಲ್ಲಿ ಸಿನಿಮಾದ ಡಬ್ಬಿ ಇರುವುದು ಸಹಜವಾಗಿತ್ತು.

ಡೇರೆ ಸಿನಿಮಾ ನೋಡದ ಇಂದಿನ ಓದುಗರಿಗೆ ಅದರ ಕಟ್ಟನ್ನು ಸ್ವಲ್ಪ ಹೇಳಬೇಕು. ಊರಾಚೆಯ ಬಯಲಿನಲ್ಲಿ ಗುಡಾರ. ಒಂದು ತುದಿಗೆ ಬಿಳಿ ಪರದೆ. ಮುಂದೆ ನೆಲದ ಮೇಲೆ ಕೂರುವವರು, ಹಿಂದೆ ಬೆಂಚಿನವರು, ಅದಕ್ಕೂ ಹಿಂದೆ ಕುರ್ಚಿಯವರು. ಹೆಂಗಸರಿಗೆ ಬೇರೆ ಜಾಗ. ಕರೆಂಟಿಲ್ಲದ ಕಡೆ ಆಯಿಲ್ ಎಂಜಿನ್ನು. ಕತ್ತಲಾಗದೆ ಆಟ ಶುರುವಿಲ್ಲ. ಸಂಜೆ ಧ್ವನಿವರ್ಧಕದಲ್ಲಿ ಭಕ್ತಿಗೀತೆ ಮೊಳಗಿತೆಂದರೆ ಟಿಕೆಟ್ ಕೊಡುತ್ತಾರೆಂದು ಸುತ್ತಲ ಹಳ್ಳಿಗಳಿಗೆ ಗೊತ್ತಾಗುತ್ತಿತ್ತು. ಪ್ರೊಜೆಕ್ಟರು ಒಂದೇ ಇದ್ದರೆ ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲಬೇಕು. ಒಂದು ಸಿನಿಮಾಕ್ಕೆ ಮೂರು ನಾಲ್ಕು ಇಂಟರ್ವಲ್ಲು. ಮಳೆಗಾಲ ಬಂದರೆ ಡೇರೆ ಕಿತ್ತು ಕಟ್ಟಿಡಬೇಕು. ಲೈಸೆನ್ಸಿನ ಅವಧಿ ಮುಗಿದರೆ ಮುಂದಿನ ಊರು. ಜಾತ್ರೆ ನಡೆಯುವ ಕಡೆ, ದನಗಳ ಪರಿಷೆ ಕೂಡುವ ಕಡೆ ಡೇರೆಗಳು ಸಾಲುಗಟ್ಟುತ್ತಿದ್ದವು.

ಇಂಥ ಡೇರೆಯ ಯಜಮಾನ ಪ್ರತಿ ರಾತ್ರಿ ಎರಡು ವಸ್ತುಗಳನ್ನು ನೋಡುತ್ತಾನೆ: ಒಂದು ಪರದೆ, ಇನ್ನೊಂದು ಪರದೆಯ ಬೆಳಕು ಬಿದ್ದ ಮುಖಗಳು. ಯಾವ ಜಾಗದಲ್ಲಿ ನೆಲದವರು ಎದ್ದು ಕೂತರು, ಎಲ್ಲಿ ಮಕ್ಕಳು ತಾಯಿಯ ಸೆರಗಿಗೆ ಮುಖ ಮುಚ್ಚಿದರು, ಎಲ್ಲಿ ಬೀಡಿ ಹಚ್ಚಲು ಹೊರಗೆ ಹೋದರು ಎನ್ನುವುದು ಅವನಿಗೆ ಸಿಗುವ ವಿಮರ್ಶೆ. ರೀಲು ರೀಲಿಗೂ ಆಟ ನಿಲ್ಲುವ ಕಡೆ, ಪ್ರತಿ ರೀಲಿನ ಕೊನೆಗೂ ಒಂದು ಕುತೂಹಲ ಉಳಿದಿದ್ದರೆ ಜನ ಮತ್ತೆ ಬಂದು ಕೂರುತ್ತಾರೆ. ಹತ್ತು ಹನ್ನೆರಡು ನಿಮಿಷಕ್ಕೊಂದು ಅದ್ಭುತ ಒಡ್ಡುವ ವಿಠಲಾಚಾರ್ಯರ ಚಿತ್ರಗಳ ಕಟ್ಟಡವನ್ನು ಮುಂದೆ ಪಟ್ಟಣದ ವಿಮರ್ಶಕರು ಶಿಥಿಲ ಎಂದರು. ಡೇರೆಯ ಕಡೆಯಿಂದ ನೋಡಿದರೆ ಅದರ ಲೆಕ್ಕ ಬೇರೆಯೇ ಕಾಣುತ್ತದೆ.

ಡೇರೆಗೆ ಬಂದ ಜನರೂ ರಾಕ್ಷಸನನ್ನು ಮೊದಲ ಸಲ ನೋಡುತ್ತಿದ್ದವರಲ್ಲ. ಹೊಯ್ಸಳರ ಲಾಂಛನವೇ ಒಬ್ಬ ಹುಡುಗ ಮೃಗವೊಂದನ್ನು ಇರಿಯುತ್ತಿರುವ ಚಿತ್ರ. ಹಳೇಬೀಡಿನ ಪಟ್ಟಿಕೆಗಳಲ್ಲಿ ಮಕರಗಳ ಸಾಲಿದೆ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ ಕೂಡಿಸಿ ಮಾಡಿದ ಈ ಪ್ರಾಣಿ ಹೆದರಿಸುವುದಕ್ಕಿಂತ ಹೆಚ್ಚಾಗಿ ಖುಷಿಪಡಿಸುತ್ತದೆ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯಲ್ಲಿ, 12ನೇ ಶತಮಾನದ ಆರಂಭದ ಲಕ್ಷ್ಮೀದೇವಿ ಗುಡಿಯಲ್ಲಿ, ಕಾಳಿಯ ಬಾಗಿಲ ಇಕ್ಕೆಲಗಳಲ್ಲಿ ಎರಡು ಬೇತಾಳಗಳು ನಿಂತಿವೆ. ಎಲುಬು ಎಣಿಸಬಹುದಾದ ಮೈ, ಹೊರಬಂದ ಕಣ್ಣು, ಕಿಸಿದ ಹಲ್ಲು. ಮೊದಲ ನೋಟಕ್ಕೆ ಎದೆ ಝಲ್ಲೆನ್ನುತ್ತದೆ. ಎರಡನೆಯ ನೋಟಕ್ಕೆ ಆ ಕಿಸಿದ ಹಲ್ಲು ನಗುವಿನಂತೆಯೇ ಕಾಣತೊಡಗುತ್ತದೆ. ವಿಠಲಾಚಾರ್ಯರ ಚಿತ್ರಗಳ ಕುಣಿಯುವ ಅಸ್ಥಿಪಂಜರಗಳನ್ನು ನೋಡಿ ನಕ್ಕವರು ದೊಡ್ಡಗದ್ದವಳ್ಳಿಗೊಮ್ಮೆ ಹೋಗಿಬರಬೇಕು. ಈ ಸೀಮೆಯ ಮೂಡಲಪಾಯ ಬಯಲಾಟದಲ್ಲೂ ಅಷ್ಟೆ. ಆರ್ಭಟಿಸಿ ಬರುವ ರಾಕ್ಷಸನಿಗೂ ನಗಿಸುವ ಕೋಡಂಗಿಗೂ ಒಂದೇ ರಂಗ, ಒಂದೇ ರಾತ್ರಿ. ಕರಾವಳಿಯ ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಅಬ್ಬರಿಸುವಾಗ ಮಕ್ಕಳು ಹೆದರುತ್ತಾರೆ, ಮತ್ತೆ ಅದನ್ನೇ ನೋಡಲು ಮುಂದಿನ ಆಟಕ್ಕೂ ಬರುತ್ತಾರೆ. ಉದ್ಯಾವರದ ಹುಡುಗ ಒಂದು ಪರಂಪರೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಇನ್ನೊಂದರ ಅಂಗಳದಲ್ಲಿ ಡೇರೆ ಹಾಕಿದ.

1940ರ ದಶಕದಲ್ಲಿ ಈ ಗೆಳೆಯರು ಮೈಸೂರಿಗೆ ಹೋಗಿ ಮಹಾತ್ಮಾ ಪಿಕ್ಚರ್ಸ್ ಕಟ್ಟಿದರು. ಸಿನಿಮಾ ತೋರಿಸುತ್ತಿದ್ದವರೇ ಸಿನಿಮಾ ತಯಾರಕರಾದರು. 1947ರಲ್ಲಿ ‘ಕೃಷ್ಣಲೀಲಾ’, 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ಶಂಕರಸಿಂಗ್ ನಿರ್ದೇಶನದ ‘ಜಗನ್ಮೋಹಿನಿ’. ಈ ಕೊನೆಯದು ಕನ್ನಡದ ಮೊದಲ ದೊಡ್ಡ ಹಣಗಳಿಕೆಯ ಚಿತ್ರಗಳಲ್ಲೊಂದು. ನಟಿ ಹರಿಣಿ ತೆರೆಗೆ ಬಂದದ್ದು ಇದರಲ್ಲೇ. ದಾವಣಗೆರೆಯಲ್ಲಿ ಅದು ತಿಂಗಳುಗಟ್ಟಲೆ ಓಡಿತು. ಮತ್ತೆ ಮತ್ತೆ ನೋಡುವುದಕ್ಕಾಗಿ ಹಳ್ಳಿಯವರು ಮನೆಯ ಸಾಮಾನು ಮಾರಿಕೊಂಡರೆಂಬ ದಂತಕಥೆಯೂ ಹುಟ್ಟಿಕೊಂಡಿತು. ಕಥೆ ನಿಜವೋ ಸುಳ್ಳೋ, ಅದನ್ನು ಹೇಳುವವರ ಧಾಟಿಯನ್ನು ಗಮನಿಸಬೇಕು. ಅದರಲ್ಲಿ ಚಿತ್ರದ ಹೊಗಳಿಕೆಯಿಲ್ಲ, ನೋಡಿದವರ ಬಗೆಗಿನ ಮರುಕವಿದೆ. ಜನ ಮರುಳಾದರು ಎಂಬುದೇ ಅದರ ತಿರುಳು. ಹಗುರ ರಾಕ್ಷಸರ ವಿಮರ್ಶೆಯ ಇತಿಹಾಸ ಇಲ್ಲಿಂದಲೇ ಆರಂಭವಾಗುತ್ತದೆ ಎನ್ನಬಹುದು.

ಅದೇ 1951ರಲ್ಲಿ ದೆಹಲಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಎಸ್. ಕೆ. ಪಾಟೀಲರ ಅಧ್ಯಕ್ಷತೆಯ ಚಲನಚಿತ್ರ ವಿಚಾರಣಾ ಸಮಿತಿ ತನ್ನ ವರದಿ ಕೊಟ್ಟಿತು. ಭಾರತೀಯ ಸಿನಿಮಾದ ಮಟ್ಟ ಸುಧಾರಿಸಬೇಕು, ಅದಕ್ಕೆ ಸರ್ಕಾರ ನೆರವಾಗಬೇಕು ಎಂಬುದು ಅದರ ಆಶಯ. ಮುಂದೆ ರಾಷ್ಟ್ರಪ್ರಶಸ್ತಿಗಳು ಬಂದವು, 1960ರಲ್ಲಿ ಚಲನಚಿತ್ರ ಹಣಕಾಸು ನಿಗಮವೂ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟೂ ಬಂದವು. ಹೊಸ ದೇಶಕ್ಕೆ ಒಳ್ಳೆಯ ಸಿನಿಮಾ ಬೇಕಿತ್ತು, ಒಳ್ಳೆಯದೆಂದರೆ ವಾಸ್ತವ, ಸಮಾಜಮುಖಿ, ವಿಚಾರಶೀಲ ಎಂಬ ಅರ್ಥ ನಿಧಾನವಾಗಿ ಗಟ್ಟಿಯಾಯಿತು. ಮಂತ್ರವಾದಿ, ಮಾಯಾಕುದುರೆ, ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸ ಇವರಿಗೆ ಆ ಮನೆಯಲ್ಲಿ ಜಾಗವಿರಲಿಲ್ಲ.

ವಿಠಲಾಚಾರ್ಯರು ಸಾಮಾಜಿಕ ಚಿತ್ರ ಮಾಡಲಾರದೆ ಜಾನಪದಕ್ಕೆ ಬಿದ್ದವರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮಹಾತ್ಮಾದಿಂದ ಹೊರಬಂದು ಸ್ವಂತ ಸಂಸ್ಥೆ ಕಟ್ಟಿ, ಬಾಲ್ಯವಿವಾಹದ ಪ್ರಶ್ನೆಯನ್ನೆತ್ತಿದ ‘ಕನ್ಯಾದಾನ’ವನ್ನು 1954ರಲ್ಲಿ ಕನ್ನಡದಲ್ಲಿ ಮಾಡಿದರು. ಅದನ್ನೇ ತೆಲುಗಿನಲ್ಲೂ ಮಾಡಿದರು. ‘ಮುತ್ತೈದೆ ಭಾಗ್ಯ’, ‘ಮನೆಗೆ ಬಂದ ಮಹಾಲಕ್ಷ್ಮಿ’ಗಳಂಥ ಸಂಸಾರದ ಚಿತ್ರಗಳೂ ಅವರವೇ. ಮದರಾಸಿನಲ್ಲಿ ನೆಲೆನಿಂತು ತೆಲುಗಿನ ಮಾರುಕಟ್ಟೆ ಹಿಡಿದ ಮೇಲೆ ಕತ್ತಿವರಸೆ, ಮಾಯಾಮಂತ್ರಗಳ ಕಡೆ ಪೂರ್ತಿ ಹೊರಳಿದರು. 1963ರಲ್ಲಿ ಎನ್. ಟಿ. ರಾಮರಾವ್ ಅವರನ್ನಿಟ್ಟು ತೆಲುಗಿನಲ್ಲಿ ‘ಬಂದಿಪೋಟು’, ಅದೇ ಕಥೆಗೆ ರಾಜಕುಮಾರ್ ಅವರನ್ನಿಟ್ಟು ಕನ್ನಡದಲ್ಲಿ ‘ವೀರಕೇಸರಿ’. 1978ರಲ್ಲಿ ಹಳೆಯ ಹೆಸರನ್ನೇ ತೆಗೆದುಕೊಂಡು ತೆಲುಗಿನಲ್ಲಿ ‘ಜಗನ್ಮೋಹಿನಿ’ ಮಾಡಿ ಮತ್ತೊಮ್ಮೆ ಗೆದ್ದರು. 1999ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರಿನಲ್ಲಿ ಎಪ್ಪತ್ತರಷ್ಟು ಚಿತ್ರಗಳಿದ್ದವು.

ಅವರ ರಾಕ್ಷಸರು ಅಗ್ಗದವರು. ಅದನ್ನು ಮುಚ್ಚಿಡಬೇಕಾಗಿಲ್ಲ. ಕ್ಯಾಮೆರಾ ನಿಲ್ಲಿಸಿ, ಮನುಷ್ಯನನ್ನು ಸರಿಸಿ, ಆ ಜಾಗಕ್ಕೆ ಮೇಕೆ ನಿಲ್ಲಿಸಿ ಮತ್ತೆ ಕ್ಯಾಮೆರಾ ಓಡಿಸಿದರೆ ಮನುಷ್ಯ ಮೇಕೆಯಾದಂತೆ. ಫ್ರಾನ್ಸಿನ ಜಾರ್ಜ್ ಮೆಲಿಯೆ 19ನೇ ಶತಮಾನದ ಕೊನೆಯಲ್ಲೇ ಮಾಡಿ ತೋರಿಸಿದ್ದ ಉಪಾಯ ಇದು. ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ಹಿಡಿದರೆ ದೆವ್ವ ಗೋಡೆಯೊಳಗಿನಿಂದ ನಡೆದುಬರುತ್ತದೆ. ಉಲ್ಟಾ ಓಡಿಸಿದರೆ ಕತ್ತರಿಸಿದ ತಲೆ ಮುಂಡಕ್ಕೆ ಕೂಡುತ್ತದೆ. ಉಳಿದದ್ದು ಹೊಗೆ, ತಂತಿ, ಬಣ್ಣದ ಬೆಳಕು. ಸಂಬಳ ಹೆಚ್ಚು ಕೇಳಿದ ನಾಯಕನನ್ನು ಕಥೆಯಲ್ಲಿ ಗಿಳಿಯಾಗಿಯೋ ನಾಯಿಯಾಗಿಯೋ ಮಾಡಿ ಅವನಿಲ್ಲದೆಯೇ ಮುಂದಿನ ರೀಲುಗಳನ್ನು ಮುಗಿಸುತ್ತಿದ್ದರೆಂದು ಚಿತ್ರರಂಗದಲ್ಲಿ ಒಂದು ತಮಾಷೆ ಈಗಲೂ ಓಡಾಡುತ್ತದೆ. ತಮಾಷೆಯಾದರೂ ಅದರಲ್ಲಿ ಒಂದು ಸತ್ಯವಿದೆ: ಬಂಡವಾಳದ ಕೊರತೆಯನ್ನು ಕಥೆಯ ಅದ್ಭುತವಾಗಿ ಪರಿವರ್ತಿಸುವ ಜಾಣತನ. 1978ರ ‘ಜಗನ್ಮೋಹಿನಿ’ಯ ದೆವ್ವ ಸೌದೆಯಿಲ್ಲದ ಒಲೆಗೆ ತನ್ನ ಕಾಲನ್ನೇ ಇಟ್ಟು ಅಡುಗೆ ಮಾಡುತ್ತದೆ. ನೋಡಿದವರು ಮರೆಯದ ದೃಶ್ಯ ಅದು. ಅಲ್ಲಿ ಭಯವಿದೆ, ನಗುವಿದೆ, ಜೊತೆಗೆ ದಿನಾ ಸೌದೆ ಹೊಂದಿಸುವ ಹೆಂಗಸರಿಗೆ ಮಾತ್ರ ಪೂರ್ತಿ ಅರ್ಥವಾಗುವ ಒಂದು ಕುಚೋದ್ಯವೂ ಇದೆ.

ಹೋಲಿಕೆಗೆ ಒಂದು ಉದಾಹರಣೆ. ‘ವೀರಕೇಸರಿ’ ಬಂದ 1963ರಲ್ಲೇ ಹಾಲಿವುಡ್ಡಿನಿಂದ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಬಂತು. ಅದರಲ್ಲಿ ರೇ ಹ್ಯಾರಿಹೌಸನ್ ಒಂದೊಂದೇ ಚೌಕಟ್ಟಿಗೆ ಗೊಂಬೆಗಳನ್ನು ಸರಿಸುತ್ತ ಅಸ್ಥಿಪಂಜರಗಳ ಕತ್ತಿಕಾಳಗ ನಡೆಸಿದ. 1992ರಲ್ಲಿ ಅವನಿಗೆ ಅಕಾಡೆಮಿಯ ವಿಶೇಷ ಪುರಸ್ಕಾರ ಸಿಕ್ಕಿತು. ಅವನ ಗೊಂಬೆಗಳು ಇಂದು ವಸ್ತುಸಂಗ್ರಹಾಲಯದ ಆಸ್ತಿ. ಅವನ ಕೈಚಳಕದ ನಯ ವಿಠಲಾಚಾರ್ಯರಲ್ಲಿ ಇಲ್ಲ, ನಿಜ. ಆದರೆ ಅವನ ವಿಷಯದಲ್ಲಿ ‘ಹೇಗೆ ಮಾಡಿದ’ ಎಂಬ ಪ್ರಶ್ನೆಯಿಂದ ಒಂದು ಅಧ್ಯಯನಶಾಖೆಯೇ ಬೆಳೆಯಿತು. ನಮ್ಮಲ್ಲಿ ಆ ಪ್ರಶ್ನೆ ಏಳುವ ಮುಂಚೆಯೇ ತೀರ್ಪು ಬಂದಿತ್ತು. ತೆಲುಗಿನಲ್ಲಂತೂ ‘ವಿಠಲಾಚಾರ್ಯ ಸಿನಿಮಾ’ ಎಂಬುದು ತಲೆಬುಡವಿಲ್ಲದ ಯಾವ ಮಾತಿಗಾದರೂ ಅಂಟಿಸುವ ಪಡೆನುಡಿಯಾಯಿತು.

ವಿಮರ್ಶೆಯ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಅದಕ್ಕೂ ಇದೇ ಜಿಲ್ಲೆಯಲ್ಲಿ ಬೇರಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರ ಕೈಯಲ್ಲಿ ಚಿತ್ರವಾಗಿ, ಇಬ್ಬರಿಗೂ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದಿತು. ಅದಕ್ಕೂ ಮುಂಚೆ 1970ರ ‘ಸಂಸ್ಕಾರ’ ದೇಶದ ಅತ್ಯುತ್ತಮ ಚಿತ್ರವೆನಿಸಿತ್ತು. ಈ ಹೊಸ ಅಲೆಯನ್ನು ಓದಿ ಬೆಳೆದ ವಿಮರ್ಶೆಗೆ ಸಿನಿಮಾ ಎಂದರೆ ಜಾತಿ, ಧರ್ಮ, ಸಾವು, ಅಪರಾಧಪ್ರಜ್ಞೆಗಳ ಮುಖಾಮುಖಿ. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಈ ಸೀಮೆ ನಿಜವಾದ ಪ್ರಳಯಗಳನ್ನೇ ಕಂಡಿದೆಯೆಂದು ಗೊತ್ತು. ಪ್ಲೇಗು ಬಂದಾಗ ಊರಿಗೂರೇ ಖಾಲಿಮಾಡಿ ಹೊರಗೆ ಶೆಡ್ಡು ಹಾಕಿಕೊಂಡು ಬದುಕುವುದು, ಒಂದೇ ಮನೆಯಲ್ಲಿ ಬೆಳೆದ ಮಕ್ಕಳು ಒಟ್ಟಿಗೇ ಹೋಗಿಬಿಡುವುದು. ಇಂಥ ನೆಲದಲ್ಲಿ ನಿಂತು ಮಾಯಾಕುದುರೆ ತೋರಿಸುವುದು ಜನರಿಗೆ ಬಗೆಯುವ ದ್ರೋಹ ಎಂದು ಒಬ್ಬ ವಿಮರ್ಶಕನಿಗೆ ಅನ್ನಿಸಿದ್ದರೆ ಅದು ಸಿನಿಕತನವಲ್ಲ.

ದೋಷಗಳೂ ಸಣ್ಣವಲ್ಲ. ಆ ಚಿತ್ರಗಳಲ್ಲಿ ಹೆಣ್ಣಿನ ಮೈ ಒಂದು ಖಾಯಂ ಬಂಡವಾಳ. ಕಾಡಿನ ಜನ ಎಂದರೆ ನರಬಲಿ ಕೊಡುವವರು. ಮಂತ್ರವಾದಿಯ ಬಣ್ಣ ಕಪ್ಪು, ರಾಜಕುಮಾರನದು ಬಿಳಿ. ಕೊನೆಗೆ ಸಿಂಹಾಸನ ಹುಟ್ಟಿನಿಂದ ಹಕ್ಕಿದ್ದವನಿಗೇ ಸೇರುತ್ತದೆ. ಪ್ರಜಾಪ್ರಭುತ್ವ ಬಂದು ದಶಕಗಳಾದರೂ ಡೇರೆಯೊಳಗೆ ರಾಜನೇ ಗೆಲ್ಲುತ್ತಿದ್ದ. ಇವನ್ನೆಲ್ಲ ಹೇಳದೆ ಹಳೆಯ ಚಿತ್ರಗಳ ಮೇಲೆ ಬರೀ ಮಮಕಾರ ಸುರಿಯುವುದು ಇತಿಹಾಸವಾಗುವುದಿಲ್ಲ.

ಇದರ ಜೊತೆಗೆ ಭಾಷೆಯ ರಾಜಕೀಯವೂ ಸೇರಿತು. 1960ರ ದಶಕದ ಆರಂಭದಲ್ಲಿ ಡಬ್ಬಿಂಗ್ ವಿರುದ್ಧದ ಚಳವಳಿಯ ಮುಂಚೂಣಿಯಲ್ಲಿದ್ದವರು ಅನಕೃ. ಅವರ ಹೆಸರಿನ ಮೊದಲ ಅಕ್ಷರದಲ್ಲೇ ಅರಕಲಗೂಡು ಇದೆ. ಎಳೆಯ ಕನ್ನಡ ಚಿತ್ರೋದ್ಯಮ ಉಳಿಯಬೇಕಾದರೆ ಬೇರೆ ಭಾಷೆಯ ದೊಡ್ಡ ಚಿತ್ರಗಳು ಕನ್ನಡದ ಮಾತು ತೊಟ್ಟು ಬಂದು ಮಾರುಕಟ್ಟೆ ನುಂಗಬಾರದು ಎಂಬುದು ಆ ವಾದ. ಅದು ಗೆದ್ದಿತು, ಗೆದ್ದದ್ದರಿಂದ ಕನ್ನಡದ ನೂರಾರು ಕಲಾವಿದರು, ತಂತ್ರಜ್ಞರು ಬದುಕಿದರು. ಅಡ್ಡಪರಿಣಾಮವೂ ಆಯಿತು. ಕನ್ನಡದಲ್ಲಿ ಮಾತಾಡಿದ್ದ ‘ಮಾಯಾಬಜಾರ್’ನ ಘಟೋತ್ಕಚ, ಮದುವೆಯ ಲಾಡುಗಳನ್ನು ಗಬಗಬನೆ ಮುಕ್ಕುವ ಆ ಮುದ್ದು ರಾಕ್ಷಸ, ತನ್ನ ಜಾತಿಯ ಕೊನೆಯವರಲ್ಲೊಬ್ಬನಾದ. ಹೆಚ್ಚು ಖರ್ಚಿನ ಮಾಯಾಲೋಕಗಳನ್ನು ಸಣ್ಣ ಕನ್ನಡ ಮಾರುಕಟ್ಟೆ ತಾನೇ ಕಟ್ಟಲಾರದೆ, ಅವು ಪರಭಾಷೆಯಲ್ಲಿ ಉಳಿದವು. ಕನ್ನಡದ ವಿಮರ್ಶೆಗೆ ಅವು ‘ತೆಲುಗಿನವರ ಹುಚ್ಚಾಟ’ವಾಗಿ ಕಾಣುವುದು ಇನ್ನಷ್ಟು ಸುಲಭವಾಯಿತು. ಅದರ ಬೇರು ಅರಸೀಕೆರೆಯಲ್ಲಿದೆ ಎಂಬುದು ಮರೆತೇಹೋಯಿತು.

ಎರಡು ದಾರಿಗಳು ಪೂರ್ತಿ ಬೇರೆಯಾಗಿದ್ದವೆಂದೂ ಅಲ್ಲ. ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನಾಧರಿಸಿ ಸಿದ್ದಲಿಂಗಯ್ಯ 1974ರಲ್ಲಿ ಮಾಡಿದ ‘ಭೂತಯ್ಯನ ಮಗ ಅಯ್ಯು’ ನೋಡಿ. ಊರನ್ನು ಹೆದರಿಸಿಟ್ಟ ಸಾಹುಕಾರನ ಹೆಸರೇ ಭೂತಯ್ಯ. ಅವನು ಸತ್ತ ಮೇಲೂ ಹೆದರಿಕೆ ಸಾಯುವುದಿಲ್ಲ, ಮಗನ ಮೇಲೆ ಅಂಟುತ್ತದೆ. ಕೊನೆಗೆ ಹೊಳೆಯ ಪ್ರವಾಹ ಬಂದು ದ್ವೇಷವನ್ನು ತೊಳೆಯುತ್ತದೆ. ರಾಕ್ಷಸನೂ ಇದ್ದಾನೆ, ಪ್ರಳಯವೂ ಇದೆ. ಎಲ್ಲವೂ ಹಳ್ಳಿಯ ವಾಸ್ತವದ ಬಟ್ಟೆ ತೊಟ್ಟಿವೆ. ಜನರೂ ವಿಮರ್ಶಕರೂ ಇದನ್ನು ಒಟ್ಟಿಗೆ ಮೆಚ್ಚಿದರು. ಇನ್ನೊಂದು ಕಡೆ ಶಂಕರಸಿಂಗರ ಮಗ ರಾಜೇಂದ್ರಸಿಂಗ್ ಬಾಬು 1977ರಲ್ಲಿ ‘ನಾಗರಹೊಳೆ’ ಮಾಡಿ ಮಕ್ಕಳನ್ನು ಕಾಡಿನ ಸಾಹಸಕ್ಕೆ ಕರೆದೊಯ್ದರು. ಡೇರೆಯ ಆಸ್ತಿ ಮುಂದಿನ ತಲೆಮಾರಿಗೂ ಹೀಗೆ ಸ್ವಲ್ಪ ಸಂದಿತು.

ಹಾಗಾದರೆ ವಿಮರ್ಶೆ ಕಳೆದುಕೊಂಡದ್ದು ಏನು? ಹಗುರತನ ಎಂಬುದು ಕಷ್ಟವನ್ನು ಮರೆಸುವ ಅಮಲು ಎಂದಷ್ಟೇ ಅದು ತಿಳಿಯಿತು. ಪ್ಲೇಗು, ಬರ ಕಂಡ ಜನ ರಾಕ್ಷಸನನ್ನು ನೋಡಿ ನಕ್ಕರೆ ಅದು ಮರೆವೇ ಆಗಬೇಕೆಂದಿಲ್ಲ. ಹೆದರಿಕೆಯನ್ನು ಹೊರಬಲ್ಲಷ್ಟು ಭಾರಕ್ಕೆ ಇಳಿಸಿಕೊಳ್ಳುವ ಕೆಲಸವೂ ಆಗಿರಬಹುದು. ‘ಲವ್ ಅಂಡ್ ಮಾನ್‌ಸ್ಟರ್ಸ್’ನ ಜೋಯೆಲ್ ದಾರಿಯಲ್ಲಿ ಕಲಿಯುವ ಪಾಠ ಇದರ ಹತ್ತಿರದ್ದು. ಎಲ್ಲ ದೈತ್ಯ ಪ್ರಾಣಿಗಳೂ ಕೊಲ್ಲುವುದಿಲ್ಲ, ಕಣ್ಣು ನೋಡಿದರೆ ಗೊತ್ತಾಗುತ್ತದೆ ಎಂದು ಅವನಿಗೆ ಒಬ್ಬರು ಹೇಳಿಕೊಡುತ್ತಾರೆ. ದೊಡ್ಡ ಬಸವನಹುಳು ತನ್ನ ಪಾಡಿಗೆ ಹೋಗುತ್ತದೆ. ಕೊನೆಯಲ್ಲಿ ಮೇಲೆರಗಿದ ಭಾರಿ ಏಡಿಯ ಕಣ್ಣಿನಲ್ಲಿ ಅವನಿಗೆ ನೋವು ಕಾಣುತ್ತದೆ. ಅದಕ್ಕೆ ವಿದ್ಯುತ್ತಿನ ಶಾಕ್ ಕೊಟ್ಟು ಆಡಿಸುತ್ತಿದ್ದವರು ಮನುಷ್ಯರು. ಬರೀ ಭಯಾನಕವಾಗಿ ತೋರಿಸಿದ್ದರೆ ಆ ಕಣ್ಣು ಕಾಣುವಷ್ಟು ಹತ್ತಿರ ನಾವು ಹೋಗುತ್ತಿರಲಿಲ್ಲ. ಹತ್ತಿರ ಕರೆದೊಯ್ಯುವುದು ನಗು. ಕಾಲನ್ನು ಒಲೆಗಿಟ್ಟ ದೆವ್ವವನ್ನು ನೋಡಿ ನಕ್ಕ ಪ್ರೇಕ್ಷಕಿಗೂ ಅರೆಗಳಿಗೆ ಅದು ಸಂಸಾರ ಬಯಸುವ ಹೆಣ್ಣಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಹಾಸನ ಜಿಲ್ಲೆಯಲ್ಲಿ ಇದು ಬರೀ ಸಿನಿಮಾದ ಮಾತಲ್ಲ. ಆಲೂರು, ಸಕಲೇಶಪುರ, ಅರಕಲಗೂಡಿನ ಕಡೆ ಕತ್ತಲಾದ ಮೇಲೆ ಹೊರಬರಲು ಹೆದರುವ ಮನೆಗಳು ಇಂದಿಗೂ ಇವೆ. ಕಾರಣ ಆನೆ. 2014ರಲ್ಲಿ ಇಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು, ಸಮಸ್ಯೆ ಮುಗಿಯಲಿಲ್ಲ. 2023ರ ಡಿಸೆಂಬರಿನಲ್ಲಿ ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನ ಸತ್ತದ್ದು ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಇನ್ನೊಂದು ಸಲಗದ ಎದುರು. ಅವನಿಗಾಗಿ ಅತ್ತವರೂ ಕಾಡಾನೆಗೆ ಹೆದರುವವರೂ ಒಂದೇ ಜನ. ದೊಡ್ಡ ಪ್ರಾಣಿಯೊಂದಿಗೆ ಭಯ, ಪ್ರೀತಿ, ತಮಾಷೆ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವ ಜನರ ಅನುಭವಕ್ಕೆ ಬರೀ ಗಂಭೀರ ವಾಸ್ತವವಾದದ ಅಳತೆಗೋಲು ಸಾಲದು.

ಇತ್ತೀಚೆಗೆ ಹಳೆಯ ಜಾನಪದ ಚಿತ್ರಗಳಿಗೆ ಬೇರೊಂದು ಸ್ವಾಗತ ಸಿಗುತ್ತಿದೆ. ಮೊಬೈಲಿನಲ್ಲಿ ಅವುಗಳ ತುಣುಕು ಹಂಚಿಕೊಂಡು, ‘ಎಷ್ಟು ಕೆಟ್ಟದಾಗಿದೆ ನೋಡಿ’ ಎಂದು ಖುಷಿಪಡುವುದು. ಹಿಂದಿನ ತಿರಸ್ಕಾರಕ್ಕೂ ಇಂದಿನ ಗೇಲಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಚಿತ್ರವನ್ನು ನೋಡುವ ಶ್ರಮವಿಲ್ಲ. ಸಿನಿಮಾ ಚರಿತ್ರೆಯ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಲು ಕೆಲಸವಿದೆ: 1964ರ ಕರ್ನಾಟಕ ಚಲನಚಿತ್ರ ನಿಯಂತ್ರಣ ಕಾಯಿದೆಗೆ ಹಿಂದೆ ಮುಂದೆ ಡೇರೆಗಳಿಗೆ ಕೊಟ್ಟ ಲೈಸೆನ್ಸುಗಳು, ಹಳೆಯ ಹಾಡಿನ ಪುಸ್ತಕಗಳು, ಹ್ಯಾಂಡ್‌ಬಿಲ್ಲುಗಳು, ಪ್ರೊಜೆಕ್ಟರು ಓಡಿಸಿದವರ ಮತ್ತು ನೆಲದಲ್ಲಿ ಕೂತು ನೋಡಿದವರ ನೆನಪುಗಳು. ಡೇರೆಗಳು ಟಿವಿ ಮತ್ತು ಖಾಯಂ ಚಿತ್ರಮಂದಿರಗಳ ಎದುರು ನಿಲ್ಲಲಾರದೆ ಹೋದವು. ಅವನ್ನು ಕಂಡವರು ಈಗ ಅಜ್ಜ ಅಜ್ಜಿಯರು.

ಒಂದೇ ಜಿಲ್ಲೆ ‘ವಂಶವೃಕ್ಷ’ವನ್ನೂ ಕೊಟ್ಟಿತು, ‘ಜಗನ್ಮೋಹಿನಿ’ಯನ್ನು ಕಟ್ಟಿದ ಗೆಳೆಯರನ್ನೂ ಕೊಟ್ಟಿತು. ಮೊದಲನೆಯದರ ಮೇಲೆ ಕಪಾಟು ತುಂಬುವಷ್ಟು ಬರೆದಿದ್ದೇವೆ. ಎರಡನೆಯದರ ಮೇಲೆ ಬರೆಯಲು ಕೂತರೆ ಮೊದಲು ಎದುರಾಗುವುದು ಸಾಮಾನು ಮಾರಿಕೊಂಡ ಮರುಳರ ದಂತಕಥೆ. ಆ ಮರುಳರು ಪರದೆಯ ಮೇಲೆ ಕಂಡದ್ದೇನು ಎಂದು ಕೇಳುವುದರಿಂದ ನಾವು ಶುರುಮಾಡಬೇಕು.